ಕೇಬಲ್ ಹೋಯ್ತು, ಮನೇಲಿ ಕನ್ನಡ ಉಳೀತಾ?

ಹೊಸೂರು: ಸಂಜೆ ಏಳಾದರೆ ಸಾಕು, ‘ರಿಮೋಟ್ ಎಲ್ಲಿ ಇಟ್ರಿ?’ ಎಂದು ಹುಡುಕುತ್ತಿದ್ದ ಅಜ್ಜಿ ಈಗ ‘ನನ್ನ ಸೀರಿಯಲ್ ಹಾಕ್ಕೊಡಪ್ಪಾ’ ಎಂದು ಮೊಮ್ಮಗನಿಗೆ ಕಾಯಬೇಕು. ಹೌದು, ಹೊಸೂರು, ತಳಿ, ಡೆಂಕಣಿಕೋಟೆ ಭಾಗದ ಕನ್ನಡ ಮನೆಗಳಲ್ಲೂ ಕೇಬಲ್ ತೆಗೆಸಿ ಆ್ಯಪ್‌ಗಳ ಮೊರೆ ಹೋಗುವವರಿದ್ದಾರೆ.

ಇಲ್ಲಿನ ಕನ್ನಡಿಗರಿಗೆ ಟಿ.ವಿ. ಬರೀ ಮನರಂಜನೆಯಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ಬಳಿಕ ಶಾಲೆಗಳಲ್ಲಿ ತಮಿಳು ಹಂತ ಹಂತವಾಗಿ ಕಡ್ಡಾಯವಾಯಿತು. ಮನೆಯಲ್ಲಿ ಕನ್ನಡ ಮಾತಾಡಿದರೂ ಅಕ್ಷರ ಕಲಿಯದ ಮಕ್ಕಳಿದ್ದಾರೆ. ಅಜ್ಜಿ ಪಕ್ಕ ಕೂತು ನೋಡುತ್ತಿದ್ದ ಉದಯ, ಚಂದನ ವಾಹಿನಿಗಳೇ ಅವರಿಗೆ ಮನೆಯಾಚೆಯ ಕನ್ನಡ ಕೇಳಿಸುತ್ತಿದ್ದವು.

ದರದ ಲೆಕ್ಕ

ತಮಿಳುನಾಡು ಸರ್ಕಾರದ ಅರಸು ಕೇಬಲ್ 2011ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 70 ರೂ.ಗೆ ಸಂಪರ್ಕ ನೀಡತೊಡಗಿತು. 2019ರ ಫೆಬ್ರುವರಿಯಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಜಾರಿಗೆ ಬಂತು. ಆಗ 100 ಚಾನೆಲ್‌ಗಳ ಮೂಲ ಶುಲ್ಕದ ಮಿತಿ ತೆರಿಗೆ ಬಿಟ್ಟು 130 ರೂ.; ಪೇ ಚಾನೆಲ್‌ಗಳ ದುಡ್ಡು ಬೇರೆ. ತಮಿಳು ಚಾನೆಲ್‌ಗಳ ಜತೆ ಕನ್ನಡದವೂ ಬೇಕೆಂದರೆ ಬಿಲ್ ಏರಿತು ಅಂತಲೇ ಲೆಕ್ಕ.

ಆ್ಯಪ್‌ಗೆ ರಾಜ್ಯದ ಗಡಿ ಇಲ್ಲ. ಜೀ ಕನ್ನಡದ ಧಾರಾವಾಹಿ ಜೀ5ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತದೆ. ಕಲರ್ಸ್ ಕನ್ನಡದ್ದು ಬೇಕಾದರೆ ಜಿಯೋಹಾಟ್‌ಸ್ಟಾರ್; ಇದು ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ 2025ರ ಫೆಬ್ರುವರಿಯಲ್ಲಿ ಸೇರಿ ಆದದ್ದು. ಬೆಂಗಳೂರಿನವರು ನೋಡಿದ್ದನ್ನೇ ಬಾಗಲೂರಿನವರೂ ನೋಡಬಹುದು. ಆದರೆ ಮೂರಕ್ಕೂ ಚಂದಾ ಕಟ್ಟಿ, ಮೇಲೆ ಇಂಟರ್ನೆಟ್ ಬಿಲ್ಲೂ ಸೇರಿದರೆ ಉಳಿತಾಯ ಎಲ್ಲಿ ಬಂತು?

ಒಬ್ಬೊಬ್ಬರಿಗೆ ಒಂದೊಂದು ಪರದೆ

ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ಮನೆಗೊಂದೇ ಟಿ.ವಿ. ಇದ್ದಾಗ ಬೇಡವೆಂದರೂ ಮಕ್ಕಳ ಕಿವಿಗೆ ಕನ್ನಡ ಬೀಳುತ್ತಿತ್ತು. ಮೊಬೈಲ್ ಕೈಗೆ ಬಂದ ಮೇಲೆ ಅಪ್ಪನಿಗೆ ಕ್ರಿಕೆಟ್, ಮಗನಿಗೆ ತಮಿಳು ಸಿನಿಮಾ, ಮಗಳಿಗೆ ಇಂಗ್ಲಿಷ್ ಸರಣಿ. ಆ್ಯಪ್ ತೆರೆಯಲು ಬಾರದ ಅಜ್ಜಿ ಮಾತ್ರ ಸುಮ್ಮನೆ ಕೂರಬೇಕು.

ಇದಕ್ಕೆ ದಾರಿ ಇಲ್ಲದಿಲ್ಲ. ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ. ಒಮ್ಮೆ ಡಿಶ್, ಬಾಕ್ಸ್ ಹಾಕಿಸಿದರೆ ಚಂದನ ವಾಹಿನಿ ಬರುತ್ತದೆ, ಇಂಟರ್ನೆಟ್ ಬೇಕಿಲ್ಲ. ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದ ಬೆಟ್ಟದ ಬದಿಯ ಹಳ್ಳಿಗಳಿಗೂ ಇದು ಅನುಕೂಲ. ಆ್ಯಪ್ ಇರುವವರು ಮೂರಕ್ಕೂ ದುಡ್ಡು ಸುರಿಯದೆ, ಮನೆಮಂದಿ ಹೆಚ್ಚು ನೋಡುವ ಒಂದನ್ನು ಇಟ್ಟುಕೊಂಡರೆ ಸಾಕು. ಅದನ್ನೂ ದೊಡ್ಡ ಟಿ.ವಿ.ಗೆ ಹಾಕಿ ದಿನಕ್ಕೆ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಕೂತರೆ ಅಜ್ಜಿಗೆ ಸೀರಿಯಲ್, ಮಕ್ಕಳಿಗೆ ಕನ್ನಡ ಎರಡೂ ಸಿಕ್ಕಂತಾಗುತ್ತದೆ.