ಪೆಡಲಿನ ಮೇಲಣ ಪಾದ

ನಂದಿಬೆಟ್ಟದ ತಿರುವುಗಳನ್ನು ಮುಂಜಾವದ ಚಳಿಯಲ್ಲಿ ಏರಿ ಬಂದ ತರುಣ ಸೈಕಲ್ ಸವಾರನೊಬ್ಬನು, ಶಿಖರವನ್ನು ಮುಟ್ಟಿದ ಸಂತೋಷವನ್ನು ಅನುಭವಿಸುವುದಕ್ಕೂ ಮೊದಲು, ಕಲ್ಲುಕಟ್ಟೆಯ ಮೇಲೆ ಕುಳಿತು ಬಲಗಾಲಿನ ಬೂಟನ್ನು ಕಳಚಿ, ಕಾಲುಚೀಲವನ್ನೂ ಎಳೆದುಹಾಕಿ, ಬೆರಳುಗಳ ಬುಡವನ್ನು ಕೈಯಿಂದ ಒತ್ತಿಕೊಳ್ಳುತ್ತಿದ್ದುದನ್ನು ನಾನು ಕಂಡೆನು. ಬೂಟಿನ ಪಟ್ಟಿಯ ಅಚ್ಚು ಪಾದದ ಮೇಲೆ ಕೆಂಪು ಗೆರೆಯಾಗಿ ಮೂಡಿತ್ತು. “ಕೆಂಡ ತುಳಿದ ಹಾಗಾಗುತ್ತೆ ಸಾರ್, ಬೂಟು ಬಿಚ್ಚಿದರೆ ಐದು ನಿಮಿಷಕ್ಕೆ ಹೋಗಿಬಿಡುತ್ತೆ” ಎಂದನು. ವ್ಯಾಧಿಯ ಲಕ್ಷಣವೂ ಅದರ ಕಾರಣವೂ ಆ ಮಾತಿನಲ್ಲಿಯೇ ಇದ್ದವು.

ನಮ್ಮ ಒಂದೊಂದು ಪಾದದಲ್ಲಿಯೂ 26 ಎಲುಬುಗಳೂ 33 ಕೀಲುಗಳೂ ಇವೆ. ಇವೆಲ್ಲವೂ ಸೇರಿ ಕಮಾನಿನ ಆಕಾರವನ್ನು ತಾಳಿದ್ದು, ಆ ಕಮಾನು ಕುಸಿಯದಂತೆ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ದಪ್ಪನಾದ ತಂತುಪಟ್ಟಿಯೊಂದು ಬಿಲ್ಲಿನ ಹೆದೆಯಂತೆ ಬಿಗಿದುಕೊಂಡಿದೆ. ಈ ಪಟ್ಟಿಯ ಕಾರ್ಯವಿಧಾನವನ್ನು ಹಿಕ್ಸ್ ಎಂಬ ಆಂಗ್ಲ ವೈದ್ಯನು 1954ರಲ್ಲಿ ವಿವರಿಸಿದನು. ಓದುಗರು ಅದನ್ನು ಕುಳಿತಲ್ಲಿಯೇ ಪರೀಕ್ಷಿಸಬಹುದು. ಪಾದವನ್ನು ನೆಲಕ್ಕೆ ಊರಿ, ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆತ್ತಿದರೆ, ಅಂಗಾಲಿನ ಕಮಾನು ತಾನಾಗಿಯೇ ಎತ್ತರಗೊಳ್ಳುವುದನ್ನು ಕಣ್ಣಾರೆ ಕಾಣಬಹುದು. ನಡೆಯುವಾಗ ಹಿಮ್ಮಡಿ ಮೇಲೆದ್ದು ಬೆರಳುಗಳು ಬಾಗಿದೊಡನೆ ರಾಟೆಗೆ ಸುತ್ತಿದ ಹಗ್ಗದಂತೆ ಈ ಪಟ್ಟಿ ಬಿಗಿಯುತ್ತದೆ. ಅದುವರೆಗೆ ಸಡಿಲವಾಗಿದ್ದ ಪಾದವು ದೃಢವಾದ ಸನ್ನೆಯಾಗಿ ದೇಹವನ್ನು ಮುಂದಕ್ಕೆ ನೂಕುತ್ತದೆ. ಮರುಕ್ಷಣದಲ್ಲಿ ಮತ್ತೆ ಸಡಿಲಗೊಳ್ಳುತ್ತದೆ. ಬಿಗಿಯುವುದು, ಸಡಿಲುವುದು ಎಂಬ ಈ ಪರ್ಯಾಯವೇ ಪಾದದ ಸಹಜಧರ್ಮ.

ಪೆಡಲಿನ ಮೇಲೆ ಈ ಧರ್ಮಕ್ಕೆ ಅವಕಾಶವಿಲ್ಲ. ಪಂದ್ಯದ ಸವಾರರು ತೊಡುವ ಬೂಟಿನ ಅಟ್ಟೆ, ಕಾಲಿನ ಬಲವು ವ್ಯರ್ಥವಾಗದಿರಲೆಂದು, ಬಾಗದಷ್ಟು ಗಡುಸಾಗಿರುತ್ತದೆ. ಅದರ ತಳದ ಕ್ಲೀಟ್ ಎಂಬ ಕೊಂಡಿ ಪೆಡಲಿಗೆ ಸಿಕ್ಕಿಕೊಂಡು ಪಾದವನ್ನು ಒಂದೇ ಭಂಗಿಯಲ್ಲಿ ಹಿಡಿದಿಡುತ್ತದೆ. ನಿಮಿಷಕ್ಕೆ 90 ಸುತ್ತಿನ ಲೆಕ್ಕದಲ್ಲಿ ತುಳಿಯುವವನು ಗಂಟೆಗೆ 5,400 ಸಲ, ಬೆರಳುಗಳ ಬುಡದ ಅದೇ ಅಂಗೈಯಗಲದ ಜಾಗದಿಂದ ಪೆಡಲನ್ನು ಒತ್ತುತ್ತಾನೆ. ಇಲ್ಲಿ ಓಟದ ಆಘಾತವಿಲ್ಲ, ನಿಜ. ಆದರೆ ಬಿಡುವೂ ಇಲ್ಲ. ಹೊತ್ತೇರಿ ಸೆಕೆ ಹೆಚ್ಚಿದಂತೆ ಪಾದವು ಊದಿಕೊಳ್ಳುತ್ತದೆ, ಬೂಟು ಹಿಗ್ಗುವುದಿಲ್ಲ. ಬೆರಳುಗಳ ಹಿಂದಣ ನೀಳವಾದ ಎಲುಬುಗಳ ನಡುವೆ ಹಾದುಹೋಗುವ ನರಗಳು ಆಗ ಇಕ್ಕಟ್ಟಿಗೆ ಸಿಲುಕಿ, ಮೊದಲು ಜೋಮು ಹಿಡಿಸುತ್ತವೆ, ಬಳಿಕ ಉರಿಯುತ್ತವೆ. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ಸಂದಿನ ನರವೇ ಹೆಚ್ಚಾಗಿ ಈ ಪೀಡೆಗೆ ಗುರಿಯಾಗುವುದು. ಫಿಲಡೆಲ್ಫಿಯಾದ ಶಸ್ತ್ರವೈದ್ಯ ಮಾರ್ಟನ್ 1876ರಲ್ಲಿ ಆ ಭಾಗದ ನೋವನ್ನು ವರ್ಣಿಸಿದುದರಿಂದ, ನರವು ದಪ್ಪಗಟ್ಟುವ ಆ ವಿಕಾರಕ್ಕೆ ಇಂದಿಗೂ ಅವನ ಹೆಸರೇ ನಿಂತಿದೆ.

ಓಟಗಾರನ ಪಾಡು ಬೇರೆ. ಅವನ ಪಾದವು ಪ್ರತಿ ಹೆಜ್ಜೆಗೂ ದೇಹಭಾರದ ಎರಡು ಮೂರು ಪಟ್ಟು ಬಲವನ್ನು ತಾಳಿಕೊಳ್ಳಬೇಕಾಗಿ, ಆ ತಂತುಪಟ್ಟಿ ಹಿಮ್ಮಡಿಯ ಬಳಿ ಎಳೆದೆಳೆದು ನೊಂದು, ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೇ ಚುಚ್ಚುತ್ತದೆ. ಎಲುಬೇ ಬಿರುಕುಬಿಡುವುದೂ ಉಂಟು. ಪ್ರಷ್ಯದ ಸೈನ್ಯವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ದೀರ್ಘ ನಡಿಗೆಯ ಸೈನಿಕರಲ್ಲಿ ಕಂಡು ಬರೆದಿಟ್ಟ ಪಾದದ ಬಾವು ಇಂಥ ಬಿರುಕಿನದೆಂಬುದು ಎಕ್ಸ್-ಕಿರಣಗಳು ಬಂದ ಮೇಲಷ್ಟೇ ತಿಳಿಯಿತು.

ಆದ್ದರಿಂದ ಇವರಿಬ್ಬರಿಗೂ ಒಂದೇ ಉಪಚಾರವನ್ನು ಹೇಳುವುದು ಸಲ್ಲದು. ಓಟಗಾರನಿಗೆ ವಿಶ್ರಾಂತಿ ಮುಖ್ಯ; ಸವಾರನಿಗೆ ಬಹುಮಟ್ಟಿಗೆ ಬೇಕಾದುದು ಸ್ಥಳಾವಕಾಶ. ಕ್ಲೀಟನ್ನು ಕೆಲವು ಮಿಲಿಮೀಟರಿನಷ್ಟು ಹಿಮ್ಮಡಿಯತ್ತ ಸರಿಸಿ, ಬೂಟಿನ ಪಟ್ಟಿಯನ್ನು ದಾರಿಯ ನಡುವೆ ಒಮ್ಮೆ ಸಡಿಲಿಸಿದರೆ ಎಷ್ಟೋ ಉರಿಗಳು ಶಮನವಾಗುತ್ತವೆ. ಇದನ್ನು ಮಾಡದೆ ನೋವಿನ ಗುಳಿಗೆಯನ್ನು ನುಂಗಿ ಮತ್ತೆ ಸವಾರಿಗೆ ಹೊರಡುವ ತರುಣರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ನೋವು ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿದ್ದು, ಬೂಟು ಕಳಚಿದ ಮೇಲೂ ಉಳಿದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಹೊಸ ಬೂಟನ್ನು ಕೊಳ್ಳುವವರು ಸಂಜೆಯ ಹೊತ್ತು, ದಿನದ ಓಡಾಟದಿಂದ ಪಾದ ಊದಿಕೊಂಡಿರುವಾಗ, ಸವಾರಿಯಲ್ಲಿ ತೊಡುವ ಕಾಲುಚೀಲವನ್ನೇ ಧರಿಸಿ ಅಂಗಡಿಗೆ ಹೋಗಲಿ. ಎರಡು ಪಾದಗಳಲ್ಲಿ ದೊಡ್ಡದಾವುದೋ ಅದರ ಅಳತೆಯನ್ನೇ ಹಿಡಿಯಲಿ.