ಪರೀಕ್ಷೆಯ ಪುಸ್ತಕ ಮತ್ತು ದೋಷದ ಪುಸ್ತಕ

ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವವನು ಒಬ್ಬ. ಮಗ್ಗ ಕೆಟ್ಟರೆ ಸರಿಪಡಿಸುವ ಮೇಸ್ತ್ರಿ ಮತ್ತೊಬ್ಬ. ಮೊದಲನೆಯವನ ಪುಸ್ತಕದಲ್ಲಿ ‘ಹದಿನಾಲ್ಕನೆಯ ಸೀರೆ, ಅಂಚಿನಲ್ಲಿ ಎಳೆ ತಪ್ಪಿದೆ’ ಎಂದಿದೆ. ಎರಡನೆಯವನ ಪುಸ್ತಕದಲ್ಲಿ ‘ಮೂರನೆಯ ಮಗ್ಗ, ಸರಿ ಮಾಡಿದೆ’ ಎಂದಿದೆ. ಆ ಸೀರೆ ಈ ಮಗ್ಗದಲ್ಲಿಯೇ ನೇಯ್ದುದೆ? ಸರಿಪಡಿಸಿದ ಮೇಲೆ ಇನ್ನೊಂದನ್ನು ನೇಯ್ದು ನೋಡಿದರೆ? ಎರಡು ಪುಸ್ತಕಗಳನ್ನೂ ಎದುರಿಗಿಟ್ಟುಕೊಂಡರೂ ಉತ್ತರ ದೊರೆಯದು.

ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅದನ್ನು ರಚಿಸುವವರಿಗೂ ಇದೇ ತೊಡಕು ಎದುರಾಗುತ್ತದೆ. ಅವರಲ್ಲಿಯೂ ಎರಡು ಪುಸ್ತಕಗಳುಂಟು. ಪರೀಕ್ಷೆಯ ಪುಸ್ತಕದಲ್ಲಿ ಪ್ರತಿಯೊಂದು ಪರೀಕ್ಷೆಗೂ ಒಂದು ಸಂಖ್ಯೆ, ಆರಂಭದ ಸ್ಥಿತಿ, ಮಾಡಬೇಕಾದ ಕ್ರಮ, ಬರಬೇಕಾದ ಫಲ ಇವು ಬರೆದಿರುತ್ತವೆ. ನಮ್ಮ ಭೌತಶಾಸ್ತ್ರದ ಪ್ರಯೋಗಾಲಯದ ರೆಕಾರ್ಡಿನಂತೆಯೇ ಎನ್ನಬಹುದು. ದೋಷದ ಪುಸ್ತಕದಲ್ಲಿ ಕಂಡ ತಪ್ಪುಗಳೂ ಅವುಗಳ ಹೊಣೆ ಹೊತ್ತವರ ಹೆಸರುಗಳೂ ಇರುತ್ತವೆ. ೧೯೯೮ರಲ್ಲಿ ಬಂದ ಬಗ್‌ಜಿಲ್ಲಾ, ೨೦೦೨ರಲ್ಲಿ ಬಂದ ಜೀರಾ ಮೊದಲಾದವು ಈ ಎರಡನೆಯ ಬಗೆಯವು.

ತಂತ್ರಾಂಶದ ದೋಷಕ್ಕೆ ‘ಬಗ್’, ಎಂದರೆ ಹುಳು, ಎಂಬ ಹೆಸರು ಬಳಕೆಯಲ್ಲಿದೆ. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ ೨ ಗಣಕದ ಒಂದು ರಿಲೇಯಲ್ಲಿ ಪತಂಗವೊಂದು ಸಿಕ್ಕಿಕೊಂಡುದನ್ನು ಓದುಗರಲ್ಲಿ ಹಲವರು ಕೇಳಿರಬಹುದು. ಹೆಸರು ಆ ಪತಂಗಕ್ಕಿಂತ ಹಳೆಯದು, ಅದಿರಲಿ. ಪತಂಗವನ್ನು ಅಂಟಿಸಿದ ದಿನಚರಿಯ ಪುಟವನ್ನು ನೋಡಿದರೆ, ಮಧ್ಯಾಹ್ನ ೩-೨೫ಕ್ಕೆ ಒಂದು ಪರೀಕ್ಷೆ ಆರಂಭವಾಯಿತೆಂದೂ, ೩-೪೫ಕ್ಕೆ ಇಂತಹ ಫಲಕದ ೭೦ನೆಯ ರಿಲೇಯಲ್ಲಿ ಪತಂಗ ದೊರೆಯಿತೆಂದೂ ಒಂದರ ಕೆಳಗೊಂದು ಬರೆದಿದೆ. ಪರೀಕ್ಷೆಯೂ ದೋಷವೂ ಒಂದೇ ಹಾಳೆಯಲ್ಲಿವೆ! ಯಂತ್ರ ಒಂದು, ಜನ ಕೆಲವರು. ಒಂದು ಪುಸ್ತಕ ಸಾಕಾಗಿತ್ತು. ಸಾವಿರಾರು ಪರೀಕ್ಷೆಗಳೂ ನೂರಾರು ಜನರೂ ಸೇರಿದಾಗ ಪುಸ್ತಕಗಳು ಬೇರೆಯಾದುವು. ಅವನ್ನು ಮತ್ತೆ ಹೊಲಿಯಬೇಕಾಯಿತು.

ಈ ಹೊಲಿಗೆ ನಡೆಯುವುದು ಸಂಖ್ಯೆಗಳಿಂದ. ಪರೀಕ್ಷೆಯೊಂದು ವಿಫಲವಾದೊಡನೆ ದೋಷದ ಪುಸ್ತಕದಲ್ಲಿ ತಾನಾಗಿಯೇ ಒಂದು ನಮೂದು ಹುಟ್ಟುತ್ತದೆ. ಪರೀಕ್ಷೆಯ ಸಂಖ್ಯೆ, ತಂತ್ರಾಂಶದ ಯಾವ ಆವೃತ್ತಿ, ಬರಬೇಕಾಗಿದ್ದುದೇನು, ಬಂದುದೇನು ಎಂಬುವು ಅದರಲ್ಲಿ ಸೇರುತ್ತವೆ. ದೋಷದ ಸಂಖ್ಯೆಯು ಹಿಂದಿರುಗಿ ಪರೀಕ್ಷೆಯ ಪುಸ್ತಕದಲ್ಲಿ ದಾಖಲಾಗುತ್ತದೆ. ರಚನಕಾರನು ‘ಸರಿಪಡಿಸಿದೆ’ ಎಂದ ಮಾತ್ರಕ್ಕೆ ನಮೂದು ಮುಚ್ಚುವುದಿಲ್ಲ. ಹೊಸ ಆವೃತ್ತಿಯ ಮೇಲೆ ಅದೇ ಪರೀಕ್ಷೆ ಮತ್ತೆ ನಡೆದು ಗೆಲ್ಲಬೇಕು. ನೆರೆಯ ಪರೀಕ್ಷೆಗಳನ್ನೂ ನಡೆಸಬೇಕು. ಏಕೆಂದರೆ ಒಂದು ತೂತನ್ನು ಮುಚ್ಚುವಾಗ ಇನ್ನೊಂದು ಬೀಳುವುದುಂಟು.

ಕೇಳಲು ಇದು ಸುಲಭ. ಆದರೆ ಒಂದೇ ದೋಷದಿಂದ ಹತ್ತು ಪರೀಕ್ಷೆಗಳು ಸೋತರೆ ಹತ್ತು ನಮೂದುಗಳು ಹುಟ್ಟಬಾರದು. ಹತ್ತೂ ಒಂದಕ್ಕೇ ಸೇರಬೇಕು. ಮತ್ತೊಂದು ತೊಂದರೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಧ್ವನಿವರ್ಧಕದ ಎದುರಿಗೆ ಮೈಕನ್ನು ಹಿಡಿದರೆ ಶಬ್ದವು ಸುತ್ತಿ ಸುತ್ತಿ ಕಿರುಚುತ್ತದೆಯಷ್ಟೆ? ಈ ಪುಸ್ತಕದ ಬದಲಾವಣೆ ಅಲ್ಲಿಗೆ, ಅಲ್ಲಿನದು ಇಲ್ಲಿಗೆ ಹೋಗುತ್ತಿದ್ದರೆ ಸಂದೇಶಗಳ ಸುತ್ತಾಟ ನಿಲ್ಲುವುದೇ ಇಲ್ಲ. ಆದುದರಿಂದ ಯಾವ ಅಂಶಕ್ಕೆ ಯಾವ ಪುಸ್ತಕ ಒಡೆಯನೆಂಬುದನ್ನು ಮೊದಲೇ ಗೊತ್ತುಮಾಡಬೇಕು. ನನ್ನ ದೃಷ್ಟಿಯಲ್ಲಿ ಈ ಕಾರ್ಯದ ಕಷ್ಟವೆಲ್ಲ ಇಲ್ಲಿಯೇ ಇದೆ.

ಯಾವ ಪರೀಕ್ಷೆಯೂ ಹಿಡಿಯದೆ ಬಳಕೆಯಲ್ಲಿಯೇ ಹೊರಬಿದ್ದ ದೋಷದ ಗತಿಯೇನು? ಆಗ ದೋಷದಿಂದ ಪರೀಕ್ಷೆಯ ಕಡೆಗೆ ನಡೆಯಬೇಕು. ೨೦೧೯ರ ಸೆಪ್ಟೆಂಬರ್ ೭ರ ನಸುಕಿನಲ್ಲಿ ಚಂದ್ರಯಾನ-೨ರ ‘ವಿಕ್ರಮ್’ ಚಂದ್ರನ ನೆಲಕ್ಕೆ ಅಪ್ಪಳಿಸಿತು. ೩೦ ಕಿಲೋಮೀಟರ್ ಎತ್ತರದಿಂದ ೭.೪ ಕಿಲೋಮೀಟರಿಗೆ ಇಳಿಯುವಾಗ ಅದರ ವೇಗ ಸೆಕೆಂಡಿಗೆ ೧,೬೮೩ ಮೀಟರಿನಿಂದ ೧೪೬ ಮೀಟರಿಗೆ ತಗ್ಗಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿ. ಮುಂದಿನ ಹಂತದಲ್ಲಿ ವೇಗವು ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಾಗಿ ಕುಗ್ಗಿ, ನೌಕೆಯ ಸ್ಥಿತಿ ವಿನ್ಯಾಸದ ಮಿತಿಯನ್ನು ದಾಟಿತು. ಐದು ಎಂಜಿನುಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಾಗಿದ್ದಿತೆಂದೂ, ನೌಕೆ ಬೇಗನೆ ತಿರುಗಬೇಕಾದಾಗ ತಂತ್ರಾಂಶವೇ ಅದರ ತಿರುಗುವ ವೇಗವನ್ನು ತಡೆದಿತ್ತೆಂದೂ, ಇಳಿಯಲು ಗೊತ್ತುಮಾಡಿದ್ದ ೫೦೦ ಮೀಟರ್ ಚೌಕ ಕಿರಿದಾಗಿತ್ತೆಂದೂ ಇಸ್ರೋ ಸಂಸ್ಥೆಯ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ೨೦೨೩ರಲ್ಲಿ ತಿಳಿಸಿದರು.

ಒಂದೊಂದು ದೋಷಕ್ಕೂ ಒಂದೊಂದು ಉತ್ತರ ಬೇಕಾಯಿತು. ಚಂದ್ರಯಾನ-೩ರಲ್ಲಿ ನಡುವಿನ ಎಂಜಿನನ್ನು ತೆಗೆದು ನಾಲ್ಕನ್ನು ಉಳಿಸಿದರು. ಇಳಿಯುವ ಪ್ರದೇಶವನ್ನು ೪ ಕಿಲೋಮೀಟರ್ ಉದ್ದ, ೨.೪ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು, ಕಾಲುಗಳನ್ನು ಬಲಪಡಿಸಿದರು. ಆಮೇಲೆ ಪರೀಕ್ಷೆಗಳು ನಡೆದುವು: ಸಂವೇದಕಗಳನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿದರು, ಎಂಜಿನು ಉರಿಯುತ್ತಿರುವಂತೆ ಕ್ರೇನಿಗೆ ತೂಗುಹಾಕಿ ನಿಯಂತ್ರಣವನ್ನು ಪರೀಕ್ಷಿಸಿದರು, ಚಂದ್ರನ ಮಣ್ಣನ್ನು ಹೋಲುವ ಹಾಸಿನ ಮೇಲೆ ಕಾಲುಗಳನ್ನು ಇಳಿಸಿ ನೋಡಿದರು. ೨೦೨೩ರ ಆಗಸ್ಟ್ ೨೩ರ ಸಂಜೆ ೬-೦೪ಕ್ಕೆ ಎರಡನೆಯ ವಿಕ್ರಮ್ ಚಂದ್ರನ ಮೇಲೆ ಮೆಲ್ಲನೆ ಇಳಿಯಿತು.