ನಗಿಸೋಕೆ ಹೊರಟವರು ಊರು ಸೇರಲಿಲ್ಲ!

ನಗಿಸೋದು ಸುಲಭದ ಕೆಲಸ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಅವರು ಇದನ್ನ ಓದಬೇಕು. ಟಿವಿಯಲ್ಲಿ ಹಾಸ್ಯದವನು ಬಂದ ಕೂಡಲೇ ನಾವು ಟೀ ಲೋಟ ಹಿಡ್ಕೊಂಡು ಕೂತ್ಕೋತೀವಿ. ಅರ್ಧ ಗಂಟೆ ನಗ್ತೀವಿ. ಮುಗೀತು. ಆ ಅರ್ಧ ಗಂಟೆಗಾಗಿ ಆತ ಎಷ್ಟು ರಾತ್ರಿ ನಿದ್ದೆ ಕೆಟ್ಟ, ಯಾರ ಬಾಗಿಲಲ್ಲಿ ಕೈಕಟ್ಟಿ ನಿಂತ, ತೆಗೆದದ್ದನ್ನ ಜನಕ್ಕೆ ಮುಟ್ಟಿಸೋಕೆ ಎಷ್ಟು ಮೈಲಿ ಓಡಿದ ಅನ್ನೋ ಲೆಕ್ಕ ನಮಗೆ ಬೇಕಾಗಿಲ್ಲ.

ಇವತ್ತು ಹೇಳಹೊರಟಿರೋದು ಪಂಜಾಬಿನ ಒಬ್ಬ ಸರದಾರ್‌ಜೀ ಕಥೆ. ‘ಅಲ್ರೀ, ದಾವಣಗೆರೆ ಪೇಪರಿಗೂ ಪಂಜಾಬಿಗೂ ಏನ್ ಸಂಬಂಧ?’ ಅಂತ ಕೇಳಬೇಡಿ. ಸಂಬಂಧ ಎರಡಿದೆ. ಅವರು ನಗೆಯಾಡಿದ್ದು ನಮ್ಮ ನಿಮ್ಮ ಆಫೀಸುಗಳ ಲಂಚಾವತಾರವನ್ನೇ. ಅವರು ಪ್ರಾಣ ಬಿಟ್ಟಿದ್ದು ನಮ್ಮ ಆನಗೋಡಿನ ರಸ್ತೆಯಂಥದೇ ಒಂದು ರಸ್ತೆಯಲ್ಲಿ.

ಹೆಸರು ಜಸ್ಪಾಲ್ ಭಟ್ಟಿ. ನಮ್ಮ ಕಡೆ ಭಟ್ಟಿ ಅಂದ್ರೆ ಸಾರಾಯಿ ಇಳಿಸೋದು. ಇವರು ಇಳಿಸಿದ್ದು ಲಂಚಕೋರರ ಮುಖದ ನೀರು!

ಕರೆಂಟ್ ಓದಿದ ಹುಡುಗ

ಹುಟ್ಟಿದ್ದು 1955ರ ಮಾರ್ಚ್ 3ರಂದು, ಅಮೃತಸರದಲ್ಲಿ. ಓದಿದ್ದು ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಎಲೆಕ್ಟ್ರಿಕಲ್ ವಿಭಾಗ. ಓದ್ತಾ ಇದ್ದಾಗಲೇ ಸ್ನೇಹಿತರನ್ನ ಕಟ್ಟಿಕೊಂಡು ‘ನಾನ್‌ಸೆನ್ಸ್ ಕ್ಲಬ್’ ಶುರು ಮಾಡಿದರು. ಬೀದಿಯಲ್ಲಿ ನಿಂತು ಭ್ರಷ್ಟರ ಅಣಕು ಮಾಡೋದೇ ಕ್ಲಬ್ಬಿನ ಕೆಲಸ. ಆಮೇಲೆ ಚಂಡೀಗಢದ ‘ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಅಂದ್ರೆ ಟಿವಿಗೆ ಬರೋ ಹೊತ್ತಿಗೆ ಬೀದಿಯೂ ಗೊತ್ತಿತ್ತು, ಪೇಪರೂ ಗೊತ್ತಿತ್ತು.

ದೂರದರ್ಶನದಲ್ಲಿ ಮೊದಲು ಹೆಸರಾದದ್ದು ‘ಉಲ್ಟಾ ಪುಲ್ಟಾ’. ಬೆಳಗಿನ ಕಾರ್ಯಕ್ರಮದ ನಡುವೆ ಬರ್ತಿದ್ದ ಚಿಕ್ಕ ಚಿಕ್ಕ ತುಣುಕುಗಳು. ಒಂದು ಹೊಡೆತ, ಒಂದು ನಗು, ಅಷ್ಟೇ. ಆದರೆ ಜನ ಅದಕ್ಕಾಗಿ ಕಾಯತೊಡಗಿದರು.

1989ರಲ್ಲಿ ಬಂತು ಹೊಸ ಧಾರಾವಾಹಿ. ಹೆಸರೇನು ಗೊತ್ತಾ? ‘ಫ್ಲಾಪ್ ಶೋ’!

ಯೋಚನೆ ಮಾಡಿ ನೋಡಿ. ನಮ್ಮ ಮಂಡಿಪೇಟೆಯಲ್ಲಿ ಯಾರಾದ್ರೂ ‘ದಿವಾಳಿ ಕ್ಲಾತ್ ಸ್ಟೋರ್ಸ್’ ಅಂತ ಬೋರ್ಡ್ ಹಾಕ್ಕೊಂಡು ಪೂಜೆ ಮಾಡಿಸ್ತಾರಾ? ಈ ಮನುಷ್ಯ ಹಾಕ್ಕೊಂಡರು. ನಿರ್ದೇಶಕರ ಹೆಸರು ತೋರಿಸೋ ಜಾಗದಲ್ಲಿ ‘ಮಿಸ್‌ಡೈರೆಕ್ಟೆಡ್ ಬೈ ಜಸ್ಪಾಲ್ ಭಟ್ಟಿ’ ಅಂತ ಬರೆಸಿದರು. ತಪ್ಪುದಾರಿ ಹಿಡಿಸಿದವನು ನಾನೇ ಅಂತ! ಇನ್ನೊಬ್ಬ ಬೈಯೋಕೆ ಮೊದಲು ತನ್ನನ್ನ ತಾನೇ ಬೈದುಕೊಂಡವನಿಗೆ ಊರಲ್ಲಿ ಯಾರನ್ನ ಬೇಕಾದ್ರೂ ಬೈಯೋ ಹಕ್ಕು ಬರತ್ತೆ ನೋಡ್ರಿ.

ಮನೆಯೇ ಕಂಪನಿ

ಈಗಿನ ಕಾಮಿಡಿ ಶೋಗಳ ಹಿಂದೆ ದೊಡ್ಡ ಸೆಟ್ಟು, ಕಣ್ಣು ಕುಕ್ಕೋ ಲೈಟು, ಬರಹಗಾರರ ದಂಡು ಇರತ್ತೆ. ‘ಫ್ಲಾಪ್ ಶೋ’ ನೋಡಿದರೆ ಗೊತ್ತಾಗತ್ತೆ, ಅಲ್ಲಿ ಅದ್ಯಾವುದೂ ಇಲ್ಲ. ಸಾಧಾರಣ ಕೋಣೆ, ಸಾಧಾರಣ ಮೇಜು, ಸರ್ಕಾರಿ ಆಫೀಸಿನ ಫೈಲು. ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರ ಮಾಡಿದ್ದು ಭಟ್ಟಿ. ನಿರ್ಮಾಪಕಿ ಅವರ ಹೆಂಡತಿ ಸವಿತಾ ಭಟ್ಟಿ. ಪರದೆ ಮೇಲೆ ಹೆಂಡತಿ ಪಾತ್ರವೂ ಅವರದೇ. ವಿವೇಕ್ ಶೌಕ್ ಅನ್ನೋ ನಟ ಕಂತಿಗೊಂದು ವೇಷ ಹಾಕ್ತಿದ್ದರು. ಕಂತಿನ ಕೊನೆಯಲ್ಲಿ ಹಳೇ ಹಿಂದಿ ಸಿನಿಮಾ ಹಾಡಿನ ಧಾಟಿಗೆ ಅಣಕು ಹಾಡು.

ನಮ್ಮ ಊರಿನ ಬೆಣ್ಣೆದೋಸೆ ಹೋಟೆಲುಗಳನ್ನ ನೋಡಿದವರಿಗೆ ಈ ವ್ಯವಹಾರ ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಕಾವಲಿ ಮುಂದೆ, ಹೆಂಡತಿ ಗಲ್ಲಾಪೆಟ್ಟಿಗೆ ಮುಂದೆ. ಲಾಭ ಬಂದರೂ ಮನೆಗೆ, ಲುಕ್ಸಾನು ಬಂದರೂ ಮನೆಗೆ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೂ ಊಟದ ತಟ್ಟೆ ಮುಂದೆ ಅದೇ ಮಾತು. ಗಂಡ-ಹೆಂಡತಿ ಸೇರಿ ಧಾರಾವಾಹಿ ತೆಗೆಯೋ ಸಂಸಾರವೂ ಹಾಗೇ.

ತೆಗೆದ ವಸ್ತುಗಳನ್ನ ಕೇಳಿ. ಪಿಎಚ್.ಡಿ. ಮಾಡಿಸ್ತೀನಿ ಅಂತ ವಿದ್ಯಾರ್ಥಿಯನ್ನ ಮನೆ ಕೆಲಸಕ್ಕೆ ಇಟ್ಟುಕೊಂಡ ಪ್ರೊಫೆಸರ್. ಸುಳ್ಳು ಮೆಡಿಕಲ್ ಬಿಲ್ಲು ಕೊಟ್ಟು ಸರ್ಕಾರದ ದುಡ್ಡು ಹೊಡೆಯೋ ನೌಕರ. ಸಿಮೆಂಟಿನಲ್ಲಿ ಮಣ್ಣು ತಿನ್ನಿಸೋ ಕಂಟ್ರಾಕ್ಟರ್. ಕೆಟ್ಟುನಿಂತ ಟೆಲಿಫೋನು. ಮಾತಾಡಿ ಮಾತಾಡಿ ಏನೂ ತೀರ್ಮಾನವಾಗದ ಆಫೀಸ್ ಮೀಟಿಂಗು. ಹಾರ-ತುರಾಯಿಗೆ ಬಾಯಿಬಿಡೋ ಮುಖ್ಯ ಅತಿಥಿ. ಅಷ್ಟೇ ಅಲ್ಲ, ಟಿವಿ ಸೀರಿಯಲ್ ತೆಗೆಯೋ ದಂಧೆಯೇ ಒಂದು ಕಂತಿಗೆ ವಸ್ತು. ಕೂತ ಕೊಂಬೆಗೇ ಕೊಡಲಿ!

ಇನ್ನೊಂದು ಮಜಾ ಇದೆ. ಪ್ರತಿ ಕಂತನ್ನೂ ಯಾರಿಗಾದರೂ ‘ಅರ್ಪಣೆ’ ಮಾಡ್ತಿದ್ದರು. ಯಾರನ್ನ ಗೇಲಿ ಮಾಡ್ತಾರೋ ಆ ಮಹಾನುಭಾವರಿಗೇ, ಬಹಳ ವಿನಯದಿಂದ! ಹೊಡೆದ ಮೇಲೆ ಶಾಲು ಹೊದಿಸೋದು ಅಂದ್ರೆ ಇದೇ.

ಒಟ್ಟು ತೆಗೆದದ್ದು ಹತ್ತೇ ಹತ್ತು ಕಂತು. ಅದೇ ಕಾಲದಲ್ಲಿ ದೂರದರ್ಶನದಲ್ಲಿ ಓಡುತ್ತಿದ್ದ ‘ಮಹಾಭಾರತ’ಕ್ಕೆ 94 ಕಂತು. ಈಗಿನ ಮೆಗಾ ಸೀರಿಯಲ್ಲುಗಳು ಸಾವಿರ ದಾಟ್ತವೆ, ಮಗು ಹುಟ್ಟಿ ಮದುವೆಗೆ ಬಂದರೂ ಅತ್ತೆ-ಸೊಸೆ ಜಗಳ ಮುಗಿಯೋದಿಲ್ಲ. ಹತ್ತು ಕಂತಿನವನನ್ನ ಜನ ಇಷ್ಟು ವರ್ಷವಾದರೂ ಮೊಬೈಲಿನಲ್ಲಿ ಹುಡುಕಿ ನೋಡ್ತಾರೆ. ಸರಕು ಚೆನ್ನಾಗಿದ್ದರೆ ತೂಕ ಯಾಕೆ ಹೆಚ್ಚು ಬೇಕು?

ಗುಂಡಿನ ಸದ್ದಿನ ನಡುವೆ ನಗು

ಮರೆಯಬಾರದ ಒಂದು ಮಾತಿದೆ. ಅದು ಪಂಜಾಬ್ ಉರಿಯುತ್ತಿದ್ದ ಕಾಲ. 1984ರಲ್ಲಿ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತು. ಅದೇ ವರ್ಷ ಇಂದಿರಾ ಗಾಂಧಿಯವರ ಹತ್ಯೆಯಾಯಿತು, ದೆಹಲಿಯಲ್ಲಿ ಸಿಖ್ಖರ ಕಗ್ಗೊಲೆಯಾಯಿತು. 1987ರಿಂದ 1992ರ ತನಕ ಪಂಜಾಬಿನಲ್ಲಿ ರಾಷ್ಟ್ರಪತಿ ಆಳ್ವಿಕೆ. ಪೇಪರ್ ಬಿಡಿಸಿದರೆ ದಿನಾ ಹೆಣಗಳ ಲೆಕ್ಕ. ಪೇಟ ಸುತ್ತಿದವರನ್ನ ಕಂಡರೆ ಪೊಲೀಸರು ಎರಡು ಸಲ ತಡೆದು ನೋಡ್ತಿದ್ದ ಕಾಲ.

ಅಂಥ ಹೊತ್ತಿನಲ್ಲಿ ಪೇಟ ಸುತ್ತಿದ ಒಬ್ಬ ಮನುಷ್ಯ ವಾರ ವಾರ ದೇಶದ ಪಡಸಾಲೆಗೆ ಬಂದು ಕೂತು ಎಲ್ಲರನ್ನೂ ನಗಿಸಿದರು. ಸರದಾರ್‌ಜೀ ಜೋಕು ಹೇಳಿ ತನ್ನವರನ್ನೇ ಪೆದ್ದರನ್ನಾಗಿ ಮಾಡಿ ಅಲ್ಲ. ನಾನೂ ನೀವೂ ಒಂದೇ ಕ್ಯೂನಲ್ಲಿ ನಿಂತಿದ್ದೀವಿ, ಒಂದೇ ಗುಮಾಸ್ತನಿಗೆ ಕೈ ಬಿಸಿ ಮಾಡ್ತಿದ್ದೀವಿ ಅಂತ ತೋರಿಸಿ. ಭಾಷಣದಲ್ಲಿ ಏಕತೆ ಅಂತ ಸಾವಿರ ಸಲ ಕೂಗಿದರೂ ಆಗದ ಕೆಲಸ ಅದು.

ತರಕಾರಿ ರಿಂಗ್ ಆಟ

ಟಿವಿ ಇರಲಿ, ಬಿಡಲಿ, ಭಟ್ಟಿ ಬೀದಿ ಬಿಡಲಿಲ್ಲ. 2009ರಲ್ಲಿ ಬೆಲೆ ಏರಿದಾಗ ಚಂಡೀಗಢದಲ್ಲಿ ಒಂದು ಸ್ಟಾಲ್ ಹಾಕಿದರು. ಜಾತ್ರೆಯಲ್ಲಿ ಬಳೆ ಎಸೆದು ಸೋಪಿನ ಡಬ್ಬಿ ಗೆಲ್ಲೋ ಆಟ ಇರತ್ತಲ್ಲ, ಅದೇ. ಇಲ್ಲಿ ಬಹುಮಾನ ಮಾತ್ರ ಬೇರೆ. ತರಕಾರಿ, ಬೇಳೆ, ಎಣ್ಣೆ! ರಿಂಗ್ ಬಿದ್ದರೆ ಬೇಳೆ ನಿಮ್ಮದು. ದಿನಸಿ ಅಂಗಡಿ ಮುಂದೆ ನಿಂತ ಗಿರಾಕಿಯ ಸಂಕಟವನ್ನ ಇದಕ್ಕಿಂತ ಚೆನ್ನಾಗಿ ಯಾವ ವಿರೋಧ ಪಕ್ಷದವರು ಹೇಳಿದ್ದಾರೆ?

ನಡುವೆ 1999ರಲ್ಲಿ ‘ಮಾಹೌಲ್ ಠೀಕ್ ಹೈ’ ಅನ್ನೋ ಪಂಜಾಬಿ ಸಿನಿಮಾ ನಿರ್ದೇಶಿಸಿದರು. ಅದು ಪೊಲೀಸರ ಕುರಿತ ಗೇಲಿ. ಹಿಂದಿ ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದರು. 2006ರ ‘ಫನಾ’ ನೋಡಿದವರಿಗೆ ನೆನಪಿರಬಹುದು. ಜೊತೆಗಾರ ವಿವೇಕ್ ಶೌಕ್ 2011ರಲ್ಲಿ ತೀರಿಕೊಂಡರು.

ಕರೆಂಟ್ ಹೋದ ರಾತ್ರಿ

2012ರಲ್ಲಿ ಭಟ್ಟಿ ಮತ್ತೊಂದು ಪಂಜಾಬಿ ಸಿನಿಮಾ ಮುಗಿಸಿದರು. ಹೆಸರು ‘ಪವರ್ ಕಟ್’. ಎಲೆಕ್ಟ್ರಿಕಲ್ ಓದಿದವರು ಕೊನೆಗೆ ಕರೆಂಟು ಹೋಗೋದರ ಮೇಲೇ ಸಿನಿಮಾ ತೆಗೆದರು! ಲೋಡ್‌ಶೆಡ್ಡಿಂಗಿನಲ್ಲಿ ಮೇಣದಬತ್ತಿ ಹಚ್ಕೊಂಡು ವ್ಯಾಪಾರ ಮಾಡಿದ ನಮ್ಮ ಅಂಗಡಿಯವರಿಗೆ ಈ ಕಥೆ ಬೇರೆ ಹೇಳಬೇಕಾ?

ನಾಯಕ ಅವರ ಮಗ ಜಸ್‌ರಾಜ್. ನಾಯಕಿ ಸುರೀಲಿ ಗೌತಮ್. ಈಕೆ ನಟಿ ಯಾಮಿ ಗೌತಮ್ ತಂಗಿ. ಯಾಮಿ ಯಾರು ಅಂದ್ರೆ, 2010ರಲ್ಲಿ ಗಣೇಶ್ ಜೊತೆ ನಮ್ಮ ಕನ್ನಡದ ‘ಉಲ್ಲಾಸ ಉತ್ಸಾಹ’ದಲ್ಲೇ ಮೊದಲು ಸಿನಿಮಾಕ್ಕೆ ಬಣ್ಣ ಹಚ್ಚಿದವರು. ಆ ಗಣೇಶ್ ಕೂಡ ಟಿವಿಯ ‘ಕಾಮಿಡಿ ಟೈಮ್’ನಿಂದ ಮೇಲೆ ಬಂದವರೇ. ನಗೆ ಬಜಾರು ಎಲ್ಲೆಲ್ಲಿ ಗಂಟು ಹಾಕಿಕೊಂಡಿರತ್ತೆ ನೋಡಿ.

ಈಗ ಹೊಸ ಶೋ ಆಗಲಿ ಸಿನಿಮಾ ಆಗಲಿ, ತೆಗೆಯೋದು ಅರ್ಧ ಕೆಲಸ. ಮಾರೋದು ಇನ್ನರ್ಧ. ಶುಕ್ರವಾರ ಬಿಡುಗಡೆ, ಭಾನುವಾರದೊಳಗೆ ಹಣೆಬರಹ ತೀರ್ಮಾನ. ಅದಕ್ಕೇ ಕಲಾವಿದರು ಊರೂರು ಸುತ್ತಬೇಕು. ಬೆಳಿಗ್ಗೆ ಒಂದು ಊರಿನಲ್ಲಿ ಪತ್ರಿಕಾಗೋಷ್ಠಿ, ಮಧ್ಯಾಹ್ನ ಕಾಲೇಜು, ಸಂಜೆ ಇನ್ನೊಂದು ಊರು, ರಾತ್ರಿ ಪ್ರಯಾಣ. ಕಾರಿನಲ್ಲೇ ಊಟ, ಕಾರಿನಲ್ಲೇ ನಿದ್ದೆ. ಕ್ಯಾಮೆರಾ ಮುಂದೆ ಮಾತ್ರ ಹಲ್ಲು ಕಿರಿಯಬೇಕು, ಏಕೆಂದ್ರೆ ಹಾಸ್ಯದವನು ಸುಸ್ತಾಗಿ ಕಂಡರೆ ಯಾರೂ ಟಿಕೆಟ್ ಕೊಳ್ಳೋದಿಲ್ಲ.

‘ಪವರ್ ಕಟ್’ ಬಿಡುಗಡೆ 2012ರ ಅಕ್ಟೋಬರ್ 26, ಶುಕ್ರವಾರ. ಗುರುವಾರ, ವಿಜಯದಶಮಿಯ ಮಾರನೇ ದಿನ, ಇನ್ನೂ ಬೆಳಕು ಹರಿದಿರಲಿಲ್ಲ. ಪ್ರಚಾರಕ್ಕೆಂದು ಹೊರಟ ಕಾರು ಜಲಂಧರ್ ಜಿಲ್ಲೆಯ ಶಾಹ್‌ಕೋಟ್ ಹತ್ತಿರ ಮರಕ್ಕೆ ಬಡಿಯಿತು. ಮಗ ಕಾರು ಓಡಿಸ್ತಿದ್ದ. ಮಗನಿಗೂ ನಾಯಕಿಗೂ ಗಾಯ. ಅಪ್ಪ ಉಳಿಯಲಿಲ್ಲ. ವಯಸ್ಸು 57.

ಮಾರನೇ ದಿನ ಸಿನಿಮಾ ಬಿಡುಗಡೆಯಾಯಿತು. ಪರದೆ ಮೇಲೆ ಭಟ್ಟಿ ನಗಿಸ್ತಾ ಇದ್ದರು. ಮನೆಯಲ್ಲಿ ಸೂತಕ.

2013ರಲ್ಲಿ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮಭೂಷಣ ಕೊಟ್ಟಿತು. ಬದುಕಿದ್ದಿದ್ದರೆ ಪ್ರಶಸ್ತಿ ಹಂಚೋರ ಮೇಲೇ ಒಂದು ಕಂತು ಮಾಡಿ ಅವರಿಗೇ ಅರ್ಪಿಸ್ತಿದ್ದರೇನೋ!

ನಮ್ಮ ಆನಗೋಡು

ಚಿತ್ರದುರ್ಗದ ಬಸ್ ಹತ್ತಿದ ಯಾವ ದಾವಣಗೆರೆಯವರಿಗೆ ಆನಗೋಡು ಗೊತ್ತಿಲ್ಲ? 1990ರ ಸೆಪ್ಟೆಂಬರ್ 30. ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದ ಶಂಕರ್‌ನಾಗ್ ಇದೇ ರಸ್ತೆಯಲ್ಲಿ ಹೋದರು. ಆಗುಂಬೆಯನ್ನ ಮಾಲ್ಗುಡಿ ಮಾಡಿ ಇಡೀ ದೇಶದ ಟಿವಿಯಲ್ಲಿ ತೋರಿಸಿದ ಮನುಷ್ಯ. ವಯಸ್ಸು ಇನ್ನೂ 35. ಕಾರಿನಲ್ಲಿ ಹೆಂಡತಿ, ಮಗಳು ಇದ್ದರು. ಅವರು ಉಳಿದರು.

ಇಬ್ಬರೂ ದುಡಿಮೆಯ ದಾರಿಯಲ್ಲೇ ಹೋದರು. ಒಬ್ಬರು ಶೂಟಿಂಗಿಗೆ, ಒಬ್ಬರು ಪ್ರಚಾರಕ್ಕೆ. ವಿಧಿ ಅಂತ ಕೈ ತೊಳ್ಕೊಳ್ಳೋದು ಸುಲಭ. ಆದರೆ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ನೋಡಿ. 2022ನೇ ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ಕ್ಕೂ ಹೆಚ್ಚು. ಇಷ್ಟೂ ಜನರ ಹಣೆಬರಹ ಒಬ್ಬನೇ ಬರೆದನೇ?

ಈಗ ನಮ್ಮ ಊರಿನ ಮಾತಿಗೆ ಬರೋಣ. ಗಣಪತಿ ಇಡ್ತೀವಿ, ರಾಜ್ಯೋತ್ಸವ ಮಾಡ್ತೀವಿ, ದುಗ್ಗಮ್ಮನ ಜಾತ್ರೆ ಬರತ್ತೆ. ಟಿವಿಯಲ್ಲಿ ಹೆಸರಾದ ಹಾಸ್ಯದವರನ್ನ ಕರೆಸ್ತೀವಿ. ಸಂಜೆ ಏಳಕ್ಕೆ ಅಂತ ಕರಪತ್ರ ಹಂಚ್ತೀವಿ. ಮುಖ್ಯ ಅತಿಥಿಗಳು ಬರೋದು ಒಂಬತ್ತಕ್ಕೆ. ಸ್ವಾಗತ, ಸನ್ಮಾನ, ಭಾಷಣ ಮುಗಿದು ಕಲಾವಿದನ ಕೈಗೆ ಮೈಕ್ ಸಿಗೋದು ಹನ್ನೊಂದಕ್ಕೆ. ‘ಇನ್ನೊಂದು, ಇನ್ನೊಂದು’ ಅಂತ ಶಿಳ್ಳೆ ಹೊಡೆದು ಒಂದು ಗಂಟೆ ಮಾಡ್ತೀವಿ. ಆಮೇಲೆ ಹಾರ ಹಾಕಿ, ಕವರ್ ಕೊಟ್ಟು, ‘ಹುಷಾರಾಗಿ ಹೋಗಿ ಬನ್ನಿ ಸಾರ್’ ಅಂತ ಹೈವೇಗೆ ಬಿಡ್ತೀವಿ. ಬೆಳಿಗ್ಗೆ ಅವರಿಗೆ ಬೆಂಗಳೂರಿನಲ್ಲಿ ಶೂಟಿಂಗು. ಬಾಡಿಗೆ ಕಾರಿನ ಡ್ರೈವರ್ ಹಿಂದಿನ ರಾತ್ರಿ ಮಲಗಿದ್ದಾನೋ ಇಲ್ಲವೋ ಕೇಳಿದವರು ಯಾರು?

ಕಾರ್ಯಕ್ರಮದ ಸಂಘಟಕರೇ, ಪೆಂಡಾಲಿಗೆ ಲಕ್ಷ ಸುರಿಯೋ ನಿಮಗೆ ಲಾಡ್ಜಿನಲ್ಲಿ ಎರಡು ರೂಮು ಭಾರ ಅಲ್ಲ. ಒಂದು ಕಲಾವಿದರಿಗೆ, ಇನ್ನೊಂದು ಡ್ರೈವರಿಗೆ. ಭಾಷಣಗಳನ್ನ ಅರ್ಧ ಗಂಟೆಗೆ ಮುಗಿಸಿ, ಹತ್ತು ಗಂಟೆಯೊಳಗೆ ಕಾರ್ಯಕ್ರಮ ಮುಗಿಸಿ. ಬೆಳಿಗ್ಗೆ ಬೆಣ್ಣೆದೋಸೆ ತಿನ್ನಿಸಿ, ಬೆಳಕಿನಲ್ಲಿ ಕಳಿಸಿ.

ನಗಿಸಿದವರ ಋಣ ಚಪ್ಪಾಳೆಯಿಂದ ತೀರೋದಿಲ್ಲ. ಅವರು ಅವರ ಮನೆ ಬಾಗಿಲು ತಟ್ಟಿದಾಗ ತೀರತ್ತೆ.